ಒಂದು ಆಳು ಬಾಕಿ

ಭಾನುವಾರ ವಾಪಸ್ ಬಂದೆ. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿದೆ. ಆಫೀಸಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, "ನೇಪಾಳ ಹೇಗಿತ್ತು? ಎವರೆಸ್ಟ್ ನೋಡಿದ್ಯಾ?" ನಾನಿದ್ದದ್ದು ಲಮ್‌ಜುಂಗ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಎದುರಿನ ಗುಡ್ಡವೇ ಕಾಣಲ್ಲ ಮಾರಾಯ್ರೇ, ಎವರೆಸ್ಟ್ ಎಲ್ಲಿಂದ ಬರಬೇಕು.

ನನ್ನ ತಲೆಯಲ್ಲಿ ಸುತ್ತುತ್ತಿರುವುದು ಬೇರೆಯದೇ ಪ್ರಶ್ನೆ. "ತಿಮ್ರೊ ಖೇತ್ ಕಹಾಂ ಛ?" ನಿನ್ನ ಗದ್ದೆ ಎಲ್ಲಿದೆ?

ಹೋಗಿದ್ದು ಸ್ವಯಂಸೇವಕಿಯಾಗಿ, ಶಾಲೆಗೆ ನೀರಿನ ಪೈಪ್ ಹೂಳಲು ನೆಲ ಅಗೆಯುವ ಕೆಲಸಕ್ಕೆ. ಹತ್ತು ದಿನ. ಕೆಲಸ ನಮ್ಮದೇ, ದುಡ್ಡೂ ನಮ್ಮದೇ. ನಮ್ಮ ಒಬ್ಬೊಬ್ಬರ ಫೀಸಿನಲ್ಲಿ ಎಷ್ಟು ಉದ್ದ ಪೈಪ್ ಬರುತ್ತಿತ್ತು ಅಂತ ಮೊದಲ ರಾತ್ರಿಯೇ ಲೆಕ್ಕ ಹಾಕಿದೆ, ನಿದ್ದೆ ಬರಲಿಲ್ಲ. ಗುಂಪಿನಲ್ಲಿ ಆರು ಜನ. ಭಾರತದವಳು ಅಂತ ನನಗೆ ವೀಸಾ ಬೇಕಿರಲಿಲ್ಲ, ವೋಟರ್ ಐಡಿಯಲ್ಲೇ ಮುಗಿಯಿತು. ಉಳಿದ ಐವರು ಯೂರೋಪಿನವರು, ಟೂರಿಸ್ಟ್ ವೀಸಾದವರು. ಆ ವೀಸಾದಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ ಅನ್ನುವುದು ಅಲ್ಲಿನ ಕಾನೂನು. ಕರೆಸಿಕೊಂಡ ಸಂಸ್ಥೆಯವರು ಆ ಮಾತೇ ಎತ್ತಲಿಲ್ಲ.

ಮೂರನೇ ದಿನ ಊರಿನವರು ಒಬ್ಬರೂ ಬರಲಿಲ್ಲ. ನಮ್ಮ ಮೇಲ್ವಿಚಾರಕನಿಗೆ ಸಿಟ್ಟು. "ಇವರಿಗೆ ತಮ್ಮ ಊರಿನ ಮೇಲೇ ಆಸಕ್ತಿ ಇಲ್ಲ" ಅಂದ. ಓದಿದವನು, ಒಳ್ಳೆಯವನೇ, ಆದರೆ ಗದ್ದೆಗೆ ಇಳಿದವನಲ್ಲ. ಜೂನ್ ಕೊನೆಯಲ್ಲಿ, ನಾಟಿ ಹೊತ್ತಿನಲ್ಲಿ, ಗುದ್ದಲಿ ಹಿಡ್ಕೊಂಡು ಪೈಪ್ ಹೂಳೋಕೆ ಬನ್ನಿ ಅಂದರೆ ಯಾರು ಬರ್ತಾರೆ? ನಮ್ಮ ಅಜ್ಜಿ ಆಗಿದ್ದರೆ ಕತ್ತಿ ಹಿಡಿದೇ ಉತ್ತರ ಕೊಡುತ್ತಿದ್ದಳು.

ಮರುದಿನ ಅವರ ಪಂಚಾಂಗದ ಅಸಾರ್ ತಿಂಗಳ 15. ನೇಪಾಳದಲ್ಲಿ ಅದು ನಾಟಿಯ ಹಬ್ಬ. ನಾನು ಗುದ್ದಲಿ ಬಿಟ್ಟು ಕೆಳಗಿನ ಗದ್ದೆಗೆ ಇಳಿದೆ. ಹೆಂಗಸರು ಸಾಲಾಗಿ ಬಗ್ಗಿದ್ದರು. ಒಂದಿಬ್ಬರು ಮುದುಕಿಯರ ಬೆನ್ನ ಮೇಲೆ ಬಿದಿರು, ಎಲೆ ಸೇರಿಸಿ ಹೆಣೆದ ಮರೆ. ಘುಮ್ ಅಂತಾರೆ. ನೋಡಿದರೆ ನಮ್ಮ ಮಲೆನಾಡಿನ ಗೊರಬೇ! ಉಳಿದವರೆಲ್ಲ ನಮ್ಮಲ್ಲಿನ ಹಾಗೇ ಪ್ಲಾಸ್ಟಿಕ್ ಹೊದ್ದಿದ್ದರು. ಗದ್ದೆಯ ಆಮಾ, ಅಂದರೆ ಅಮ್ಮ, ನನ್ನ ಕೈಗೆ ಸಸಿಯ ಕಟ್ಟು ಕೊಟ್ಟು, ಎರಡು ನಿಮಿಷ ನೋಡಿ, ನಾನು ನೆಟ್ಟಿದ್ದನ್ನು ಕಿತ್ತು ಮತ್ತೆ ನೆಟ್ಟರು. ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೀಳುವುದು ಕಡಿಮೆಯಾಯಿತು. ಸೊಂಟ ಬಿದ್ದುಹೋಗಿತ್ತು, ಕಾಲಿಗೆ ಇಂಬಳ ಬೇರೆ.

ಸಂಜೆ ಬದುವಿನ ಮೇಲೆ ಕೂತು ಆಮಾ ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಿದ್ದರು. ಅವಳ ಗದ್ದೆಗೆ ನಾಳೆ, ಇವಳದಕ್ಕೆ ಶುಕ್ರವಾರ. ಪರ್ಮ ಅಂದರು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ, ದುಡ್ಡಿನ ಮಾತಿಲ್ಲ. ನಮ್ಮ ಮುಯ್ಯಾಳು. ನನ್ನ ಸರದಿ ಬಂದಾಗ ಬೆರಳು ಹಾಗೇ ಹಿಡಿದುಕೊಂಡು ಕೇಳಿದರು. "ತಿಮ್ರೊ ಖೇತ್ ಕಹಾಂ ಛ?"

ನಾನು ನಕ್ಕೆ. ಅವರು ನಗಲಿಲ್ಲ. ನನಗೆ ಗೊತ್ತಿದ್ದ ಹಿಂದಿಯಲ್ಲಿ ಗದ್ದೆ ಇಲ್ಲ ಅಂದೆ. ಬಾಡಿಗೆ ಮನೆ, ಮೂರನೇ ಮಹಡಿ. ಆಮಾ ಮುಖ ಸಣ್ಣದಾಯಿತು. ಮತ್ತೆ ಹೇಗೆ ತೀರಿಸಲಿ ಅಂತ ಕೇಳಿದರು. ನಾನು ಸುಮ್ನೆ, "ಸೇವೆ ಆಮಾ, ಬೇಡ" ಅಂದುಬಿಟ್ಟೆ. ಹಾಗನ್ನಬಾರದಿತ್ತು. ಅವರು ಮಡಚಿದ್ದ ಬೆರಳನ್ನು ಬಿಡಿಸಿದರು.

ಆ ಬೆರಳು ಬಿಡಿಸಿದ್ದೇ ಕಣ್ಣಿಗೆ ಕಟ್ಟಿದೆ. ಲೆಕ್ಕದಲ್ಲಿ ಇದ್ದವಳು ಲೆಕ್ಕದಿಂದ ಹೊರಗೆ ಬಿದ್ದೆ. ಅಲ್ಲಿಯವರೆಗೆ ನಾನು ಒಂದು ಆಳು, ಸರಿಯಾಗಿ ನೆಡಲು ಬಾರದಿದ್ದರೂ ಆಳು. ಬೇಡ ಅಂದ ಮೇಲೆ ಫೋಟೋ ತೆಗೆಯುವ ಐವರ ಜೊತೆ ಆರನೆಯವಳು. ಸಹಾಯ ಮಾಡಲು ಹೋಗುವ ನಾವು ಕೊಡುತ್ತೇವೆ ಅಂತಷ್ಟೇ ಹೇಳ್ತೇವೆ. ವಾಪಸ್ ತಗೊಳ್ಳೋಕೆ ಮಾತ್ರ ನಮಗೆ ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಮುಂದಿನ ತಂಡ ಬಂದರೂ ಅಷ್ಟೇ. ಆಮಾ ಯಾರ ಗದ್ದೆಗೆ ಹೋಗಬೇಕು?

ನಿನ್ನೆ ಅಪ್ಪನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ನಮ್ಮ ಗದ್ದೆ ಅಡಿಕೆ ತೋಟವಾಗಿ ಎಷ್ಟೋ ವರ್ಷವಾಯಿತು, ಮುಯ್ಯಾಳು ಅನ್ನುವ ಮಾತೂ ಅವರ ಬಾಯಲ್ಲಿ ಕೇಳಿ ಅಷ್ಟೇ ವರ್ಷ. ಅವರು ಕೇಳಿದ ಮೊದಲ ಪ್ರಶ್ನೆ, "ಮಧ್ಯಾಹ್ನ ಏನು ಹಾಕಿದ್ರು?"

"ಮೊಸರವಲಕ್ಕಿ ಅಪ್ಪ. ಆ ದಿನ ಎಲ್ಲರೂ ಅದನ್ನೇ ತಿನ್ನೋದಂತೆ."

"ಭೇಷ್."

"ಅಲ್ಲಿಗೆ ತೀರಿತು ಅನ್ಕೊಳ್ಳೋಣ ಅಲ್ವಾ?"

"ಊಟಕ್ಕೆ ಮುಯ್ಯಿ ತೀರುತ್ತೇನೇ? ಊಟ ಬೇರೆ, ಮುಯ್ಯಿ ಬೇರೆ," ಅಂದರು ಅಪ್ಪ. "ಅವರದ್ದು ಒಂದು ಆಳು ಬಾಕಿ ಇದೆ. ನೆನಪಿಟ್ಕೋ."