ಕಣದ ಕಾವಲು

18 ಜನವರಿ 2026, ಭಾನುವಾರ
ಆಲ್ದೂರು ಸಮೀಪ, ಚಿಕ್ಕಮಗಳೂರು

ಸಂಜೆ ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಗುಡ್ಡೆ ಮಾಡಿ, ಇಬ್ಬನಿ ತಾಗದಂತೆ ಟಾರ್ಪಾಲ್ ಹೊದಿಸಿ, ಮೂಲೆಗೊಂದು ಕಲ್ಲು ಹೇರಿ ಒಳಗೆ ಬಂದೆ. ಹೋದ ಜನವರಿಯಲ್ಲೂ ಹೀಗೆಯೇ ಹೊದಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಮೂಟೆಯಷ್ಟು ಕಾಫಿ ಇರಲಿಲ್ಲ. ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾದು, ಕಾಂಡಕೊರಕ ಹುಳುವಿನೊಡನೆ ಹೆಣಗಿ, ಕೊಯ್ದು ಒಣಹಾಕಿದ್ದು ಒಂದೇ ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಊರವರೆಲ್ಲ ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಇರುವ ಅಸ್ಸಾಮಿನ ಕೆಲಸಗಾರರ ಕಡೆಗೆ ಬೆರಳು ತೋರಿಸಿದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ತಪ್ಪು ಮಾಡಿದೆ.

ಇಂದು ಶಾಲೆಯ ಜಗಲಿಯಲ್ಲಿ ಬೀಟ್ ಪೊಲೀಸರು ಸಭೆ ಕರೆದಿದ್ದರು. 2025ರ ಜುಲೈನಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯಲ್ಲಿ ಬೀಟಿನವರು ಬಾಗಿಲಿಗೇ ಬಂದು ಕಷ್ಟಸುಖ ವಿಚಾರಿಸುತ್ತಾರೆ. ನಮ್ಮಲ್ಲಿಗೆ ಬಂದವರು ಲೈನ್ ಮನೆಗಳಿಗೂ ಹೋಗಿ, ತಮ್ಮ ಮೊಬೈಲ್ ಸಂಖ್ಯೆಯನ್ನು ಪ್ರತಿ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿದ್ದರು. ಇಂದಿನ ಸಭೆಗೂ ಆ ಕೆಲಸಗಾರರನ್ನೆಲ್ಲ ಕರೆಸಿ ಮುಂದೆ ಕೂರಿಸಿದರು. ನನಗೆ ಬಹಳ ಸಮಾಧಾನವಾಯಿತು.

ಬೀದಿದೀಪ, ಅಂಗಡಿಯ ಕ್ಯಾಮೆರಾ, ಕಾವಲಿನ ಸರದಿ ಎಂದು ಮಾತು ನಡೆಯುತ್ತಿರುವಾಗ, ಮೂರು ವರ್ಷದಿಂದ ಇಲ್ಲೇ ಇರುವ ಲೈನ್ ಮನೆಯ ಹುಡುಗನೊಬ್ಬ ಎದ್ದು ನಿಂತ. ‘ಸರ್, ತಿರುವಿನ ದೀಪ ಕೆಟ್ಟು ಹದಿನೈದು ದಿನವಾಯಿತು. ಮೊನ್ನೆ ರಾತ್ರಿ ಒಂದು ಪಿಕಪ್ ದೀಪ ಆರಿಸಿಕೊಂಡು ಎರಡು ಸಲ ಓಡಾಡಿತು’ ಎಂದ. ಮೊಬೈಲ್ ಕವರಿನೊಳಗಿನಿಂದ ಮಡಚಿದ ಬೀಡಿ ಕಟ್ಟಿನ ಕಾಗದ ತೆಗೆದ. ಅದರಲ್ಲಿ ನಾಲ್ಕು ಅಂಕಿಗಳು. ತಿರುವಿನಲ್ಲಿ ಗಾಡಿ ಬ್ರೇಕ್ ಹಾಕಿದಾಗ ಹಿಂದಿನ ಕೆಂಪು ಬೆಳಕಿನಲ್ಲಿ ಕಂಡಷ್ಟನ್ನು ಬರೆದುಕೊಂಡಿದ್ದನಂತೆ. ಕೊಡಲು ಹೆದರಿದ್ದನಂತೆ. ಯಾಕೆ ಹೆದರಿದ ಎಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತಿತ್ತು.

ಪೊಲೀಸರು ಆ ಅಂಕಿಗಳನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು, ‘ಇಂಥದ್ದು ಕಂಡ ಕೂಡಲೇ 112ಕ್ಕೆ ಕರೆ ಮಾಡಿ. ಯಾರನ್ನೂ ಹಿಡಿದು ಕಟ್ಟಿಹಾಕಬೇಡಿ, ಹೊಡೆಯಬೇಡಿ’ ಎಂದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು. ಹೇಳಲೇಬೇಕಾಗಿತ್ತು.

ಬಲ್ಬು ಹಾಕಿಸುವ ಹೊಣೆ ಪಂಚಾಯಿತಿ ಸದಸ್ಯರದು. ಕೊಯ್ಲು ಮುಗಿಯುವವರೆಗೆ ರಾತ್ರಿಗೆ ಇಬ್ಬರಂತೆ ಕಾವಲು, ಊರಿನವರೊಬ್ಬರು, ಲೈನಿನವರೊಬ್ಬರು.

ಈಗ ಗಂಟೆ ಹತ್ತೂಕಾಲು. ಕಣದಾಚೆ ಟಾರ್ಚ್ ಬೆಳಕು ಆಡುತ್ತಿದೆ. ಇಂದಿನ ಸರದಿ ಪಕ್ಕದ ಮನೆಯ ಗೌಡರದು ಮತ್ತು ಆ ಹುಡುಗನದು. ಚಳಿ ಜೋರಾಗಿದೆ, ಫ್ಲಾಸ್ಕಿಗೆ ಕಾಫಿ ತುಂಬಿಸಿದ್ದೇನೆ. ಕೊಟ್ಟು, ಹೋದ ವರ್ಷ ಸುಮ್ಮನಿದ್ದುದಕ್ಕೆ ಅವನ ಕ್ಷಮೆ ಕೇಳಿ ಬರುತ್ತೇನೆ.