ನೂರು ಮೊಟ್ಟೆ ಜಾಸ್ತಿ ಕೊಟ್ಟ ಕಥೆ

ಶಿಡ್ಲಘಟ್ಟ ತಾಲೂಕಿನ ಒಂದು ಚಾಕಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ನನಗೆ ಹನ್ನೊಂದು ವರ್ಷವಾಯಿತು. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡನೇ ಜ್ವರ ಏಳುವವರೆಗೆ ನಾವು ಸಾಕುತ್ತೇವೆ. ಈ ಎಳೆ ಹುಳುವಿಗೇ ಚಾಕಿ ಅನ್ನುವುದು. ಆಮೇಲೆ ಅದು ರೈತರ ಮನೆಗೆ ಹೋಗುತ್ತದೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ಅಂಥವು ನಾಲ್ಕು ಬರುತ್ತವೆ. ಇನ್ನು "ನೂರು ಮೊಟ್ಟೆ" ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ. ಹುಳುವಿನ ಲೆಕ್ಕದಲ್ಲಿ ಅದು 40ರಿಂದ 50 ಸಾವಿರ.

ಸೇರಿದ ಎರಡನೇ ಬೇಸಿಗೆ. ಬುಕ್ ಮಾಡಿದ್ದ ಒಬ್ಬರು ಕೊನೆ ಗಳಿಗೆಯಲ್ಲಿ ಬೇಡ ಅಂದರು. ನೂರು ಮೊಟ್ಟೆ ಚಾಕಿ ಉಳಿದುಬಿಟ್ಟಿತು. ಅವತ್ತೇ ಇನ್ನೂರು ಮೊಟ್ಟೆ ಒಯ್ಯಲು ಬಂದಿದ್ದ ರೈತರನ್ನು ಹಿಡಿದೆ. "ಅಣ್ಣ, ಇದನ್ನೂ ಹಾಕ್ಕೊಳ್ಳಿ, ಅರ್ಧ ರೇಟಿಗೆ ಕೊಡ್ತೀನಿ." ಅವರಿಗೇ ಅನುಮಾನ. "ಸೊಪ್ಪು ಸಾಲುತ್ತೇನಪ್ಪ?" ಅಂದರು. ನಾನು ತಟ್ಟೆ ಎತ್ತಿ ತೋರಿಸಿದೆ. "ನೋಡಿ, ಇಷ್ಟಿಷ್ಟೇ ಇದಾವೆ. ಇವೇನು ತಿಂದುಬಿಡ್ತಾವೆ?"

ಮೂರನೇ ಜ್ವರದವರೆಗೂ ನನ್ನ ಮಾತು ನಿಜವಾಗಿಯೇ ಇತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಫೋನ್ ಬಂತು. ರೇಷ್ಮೆ ಹುಳು ಹುಟ್ಟಿದಾಗ ಇದ್ದದ್ದಕ್ಕಿಂತ, ಹಣ್ಣಾಗುವ ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ಸುಮಾರು ಹತ್ತು ಸಾವಿರ ಪಟ್ಟು ತೂಗುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕೊನೆಯ ಆ ಒಂದು ವಾರದಲ್ಲೇ ಖಾಲಿ. ನಾನು ಹೋಗಿ ನೋಡಿದಾಗ ತೋಟದಲ್ಲಿ ಬರೀ ಕಡ್ಡಿ ನಿಂತಿತ್ತು. ಪಕ್ಕದೂರಿಂದ ಸೊಪ್ಪು ಕೊಂಡು ತರುತ್ತಿದ್ದರು, ಬೇಸಿಗೆಯ ಬೆಲೆಗೆ. ಜಾಗದ್ದು ಇನ್ನೊಂದು ಪಾಡು. ಕೊನೆ ಹಂತದಲ್ಲಿ ನೂರು ಮೊಟ್ಟೆಗೆ 600–700 ಚದರಡಿಯಾದರೂ ಬೇಕು. ಇಲ್ಲಿ ಇನ್ನೂರರ ಅಟ್ಟಣಿಗೆ ಮೇಲೆ ಮುನ್ನೂರು. ಹುಳುವಿನ ಮೇಲೆ ಹುಳು. ಕೆಳಗಿದ್ದವಕ್ಕೆ ಸೊಪ್ಪೇ ಸಿಗುತ್ತಿಲ್ಲ, ಹಿಕ್ಕೆ ಒದ್ದೆ, ಮನೆಯೊಳಗೆ ಸೆಕೆ. ಹಾಲು ರೋಗ ಶುರುವಾಗಿತ್ತು. ರೋಗಕ್ಕೂ ನೂಕುನುಗ್ಗಲು ಅಂದರೆ ಹಬ್ಬ ತಾನೆ. ಒಂದು ಹುಳು ಒಡೆದು ಹಾಲು ಚೆಲ್ಲಿದರೆ ಸುತ್ತಲಿನ ಎಲ್ಲವಕ್ಕೂ ಅದೇ ಸೊಪ್ಪು.

ಮುನ್ನೂರು ಮೊಟ್ಟೆಯಿಂದ ಅವರಿಗೆ ಸಿಕ್ಕಿದ್ದು ಹಿಂದಿನ ಬೆಳೆಯ ಇನ್ನೂರಕ್ಕಿಂತ ಕಡಿಮೆ ಗೂಡು. ಅದೂ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಂಥದ್ದು. ಮಾರ್ಕೆಟ್ಟಿನಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮುಟ್ಟಿ ಮುಂದೆ ಹೋದರು. ಆ ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅವರ ಹೆಂಡತಿ ಅಂದರು, ಚೆನ್ನಾಗಿಯೇ ಅಂದರು.

ತಮಾಷೆ ಏನು ಗೊತ್ತಾ? ನಾನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು. ಜೀವಿಗಳ ಸಂಖ್ಯೆ ಮೊದಲು ಸರ್ರನೆ ಏರಿ, ಮೇವು ಜಾಗ ಮುಗಿಯುತ್ತಾ ಬಂದಂತೆ ಬಾಗುತ್ತದೆ ಅಂತ 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ ಬರೆದ ಲೆಕ್ಕವನ್ನು ಪರೀಕ್ಷೆಯಲ್ಲಿ ಗೆರೆ ಎಳೆದು ಬಿಡಿಸಿದ್ದೆ. ಮಾರ್ಕ್ಸೂ ಬಂದಿತ್ತು. ಆ ಪುಸ್ತಕದಲ್ಲಿ ಮೇಲಿನ ಮಿತಿ ಒಂದು ನೆಟ್ಟಗಿನ ಅಡ್ಡಗೆರೆ. ನಮ್ಮ ಕಡೆ ಆ ಗೆರೆ ಬೋರ್‌ವೆಲ್ ಹೇಳಿದಂತೆ ಕುಣಿಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಬೋರೇ ಗತಿ. ಮಳೆಗಾಲದಲ್ಲಿ ಇನ್ನೂರು ಮೊಟ್ಟೆ ಸಾಕಿದ ತೋಟ ಏಪ್ರಿಲ್‌ನಲ್ಲಿ ಅಷ್ಟನ್ನೇ ಸಾಕುತ್ತದೆ ಅನ್ನುವ ಖಾತರಿಯಿಲ್ಲ. ನಾನು ಇದನ್ನು ಕೇಳಲೇ ಇಲ್ಲ.

ಮಿತಿಯೇ ಕಾಣದ ಜೀವಿಯನ್ನೂ ಈ ಕೆಲಸದಲ್ಲಿ ನೋಡಿದ್ದೇನೆ: ಊಜಿ ನೊಣ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ, ಮರಿ ಒಳಗೆ ಹೊಕ್ಕು ತಿನ್ನುತ್ತದೆ. ಒಂದು ನೊಣ ಕೆಲವು ನೂರು ಮೊಟ್ಟೆ ಇಡುತ್ತದೆ, ಮೂರು ವಾರಕ್ಕೆ ಹೊಸ ಪೀಳಿಗೆ. ಒಂದು ನೊಣ ಮುನ್ನೂರು ಇಟ್ಟು, ಅದರಲ್ಲಿ ಅರ್ಧ ಹೆಣ್ಣು ಅಂದುಕೊಂಡು, ಎಲ್ಲವೂ ಬದುಕಿದರೆ ಎರಡನೇ ಪೀಳಿಗೆಗೆ 22,500 ಹೆಣ್ಣು. ಇಲ್ಲಿ ಅದಕ್ಕೆ ಮನೆಮನೆಯಲ್ಲೂ ಹುಳುವಿತ್ತು, ತಡೆಯುವವರು ಯಾರೂ ಇರಲಿಲ್ಲ. ಈಗ ಕಿಟಕಿಗೆ ಬಲೆ ಕಟ್ಟುತ್ತೇವೆ, ಊಜಿಯ ಕೋಶದೊಳಗೇ ಮೊಟ್ಟೆಯಿಡುವ ಒಂದು ಪುಟ್ಟ ಕಣಜವನ್ನು ಸಾಕಿ ಬಿಡುತ್ತೇವೆ.

ಆ ಅಣ್ಣನ ಮಗ ಈಗ ಕಾಲೇಜು ಮುಗಿಸಿದ್ದಾನೆ. ಮೊನ್ನೆ ಚಹಾ ಕುಡಿಯುವಾಗ ಕೇಳಿದ, "ಎಲ್ಲರಿಗೂ ಒಂದು ಎರಡೇ ಮಕ್ಕಳು. ಆದರೂ ಜನ ಯಾಕೆ ಜಾಸ್ತಿ ಆಗ್ತಾನೇ ಇದಾರೆ?" ಒಳ್ಳೇ ಪ್ರಶ್ನೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಆದರೂ ಏರಿಕೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ನಮ್ಮಜ್ಜಿ ಒಂಬತ್ತು ಹೆತ್ತಳು, ನಾಲ್ಕು ಉಳಿದವು. ಅಮ್ಮ ಐದು ಹೆತ್ತಳು, ಐದೂ ಉಳಿದೆವು. ಸಾವು ಮೊದಲು ಇಳಿಯಿತು, ಹೆರಿಗೆ ತಡವಾಗಿ ಇಳಿಯಿತು. ಆ ನಡುವೆ ಹುಟ್ಟಿದವರೆಲ್ಲ ಈಗ ಅಪ್ಪ ಅಮ್ಮಂದಿರು. ತಲೆಗೆ ಒಂದೊಂದೇ ಹೆತ್ತರೂ ಹೆರುವ ತಲೆಗಳೇ ಜಾಸ್ತಿ. "ನಿಮ್ಮಪ್ಪನಿಗೆ ನಾನು ಕೊಟ್ಟ ಚಾಕಿ ಥರ ಕಣೋ," ಅಂದೆ, "ಲೆಕ್ಕ ಕಾಣೋದು ತಡವಾಗಿ."

ಹೋಲಿಕೆ ಪೂರ್ತಿ ಕೂಡುವುದಿಲ್ಲ, ನನಗೂ ಗೊತ್ತು. ಅಮ್ಮ ಐದು ಹೆತ್ತ ಮನೆಯಲ್ಲೇ, ಹತ್ತನೇ ಕ್ಲಾಸು ಮುಗಿಸಿದ ನನ್ನ ತಂಗಿ ಎರಡಕ್ಕೆ ಸಾಕು ಅಂದಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಹುಳುವಿಗೆ ಆ ಯೋಗವಿಲ್ಲ.

ಈಗ ಯಾರು ಬಂದರೂ ಮೊದಲು ಕೇಳುವುದು, "ಬೋರು ದಿನಕ್ಕೆ ಎಷ್ಟು ಗಂಟೆ ಓಡ್ತಿದೆ?" ಆಮೇಲೆ ಅಟ್ಟಣಿಗೆಯ ಉದ್ದಗಲ. ಮಾಲೀಕರಿಗೆ ಇದು ಅಷ್ಟು ಇಷ್ಟವಿಲ್ಲ, ವ್ಯಾಪಾರ ಹೋಗುತ್ತೆ ಅಂತಾರೆ. ಆ ಅಣ್ಣ ಇವತ್ತಿಗೂ ನಮ್ಮಲ್ಲೇ ಚಾಕಿ ಒಯ್ಯುತ್ತಾರೆ. ತಟ್ಟೆ ಎತ್ತಿ ಗಾಡಿಗಿಡುವಾಗ ಪ್ರತಿ ಸಲ ಒಂದೇ ಮಾತು: "ಜೊತೆಗೆ ಇನ್ನೊಂದು ನೂರು ಹಾಕಲ್ವೇನಪ್ಪ?"