ಬೇರೆಯವರು ಬಿಟ್ಟ ಹುಡುಗ ಸೋಲುವ ತಂಡಕ್ಕೆ ಯಾಕೆ?

ನಾನು ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್ ಅಭಿಮಾನಿ ಅಂತ ಗೊತ್ತಾದರೆ ಸಾಕು, ಕ್ರಿಕೆಟ್ ನೋಡಿ ಬೆಳೆದ ಗೆಳೆಯರು ಇದನ್ನೇ ಕೇಳುತ್ತಾರೆ: "ಒಂದು ತಂಡ ಬೇಡ ಅಂತ ಬಿಟ್ಟವನನ್ನು, ಮೊದಲೇ ಸೋತು ಸುಣ್ಣವಾದ ತಂಡ ಯಾಕೆ ಎತ್ತಿಕೊಳ್ಳುತ್ತದೆ? ಚೆನ್ನಾಗಿ ಆಡುವವನಾಗಿದ್ದರೆ ಯಾರಾದರೂ ಬಿಡುತ್ತಿದ್ದರಾ?"

ಬಿಡುತ್ತಾರೆ. ಎಷ್ಟೋ ಸಲ ಜಾಗ ಇಲ್ಲದೆ ಬಿಡುತ್ತಾರೆ.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ 40 ಜನರ ಪಟ್ಟಿ ಇರುತ್ತದೆ. ಅದರಲ್ಲಿರುವ ಹುಡುಗನನ್ನು ಕೆಳ ಹಂತದ ಮೈನರ್ ಲೀಗ್‌ಗೆ ಕಳಿಸಿ ವಾಪಸ್ ಕರೆಸಿಕೊಳ್ಳಬಹುದು, ಆದರೆ ಸಾಮಾನ್ಯವಾಗಿ ಮೂರು ಸೀಸನ್ ಮಾತ್ರ. ಆಮೇಲೆ ಅವನನ್ನು ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಕೆಳಗೆ ಕಳಿಸಬೇಕೆಂದರೆ ಮೊದಲು ವೇವರ್ಸ್‌ಗೆ ಹಾಕಬೇಕು, ಅಂದರೆ ಉಳಿದ 29 ತಂಡಗಳಿಗೂ "ಬೇಕಿದ್ದರೆ ತಗೊಳ್ಳಿ" ಅನ್ನಬೇಕು. ಐಪಿಎಲ್ ಹರಾಜಿನ ಹಾಗೆ ಜಾಸ್ತಿ ದುಡ್ಡು ಕೂಗಿದವರಿಗೆ ಅವನು ಸಿಗುವುದಿಲ್ಲ. ಜಾಸ್ತಿ ಸೋತ ತಂಡಕ್ಕೆ ಮೊದಲ ಸರದಿ.

ಹೋರ್ಹೆ ಮಾಟೆಯೊ ಓರಿಯೋಲ್ಸ್‌ಗೆ ಬಂದದ್ದು ಹೀಗೆಯೇ. 2015ರಲ್ಲಿ ಯಾಂಕೀಸ್‌ನ ಮೈನರ್ ತಂಡಗಳಲ್ಲಿ 82 ಬೇಸ್ ಕದ್ದ, ಅಂದರೆ ಬ್ಯಾಟರ್ ಚೆಂಡು ಹೊಡೆಯುವವರೆಗೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದ ಹುಡುಗ ಅವನು. ಅಷ್ಟು ವೇಗದ ಕಾಲು. ಅಲ್ಲಿಂದ ಓಕ್ಲೆಂಡ್, ಅಲ್ಲಿಂದ ಸ್ಯಾನ್ ಡಿಯಾಗೋ. 2021ರಲ್ಲಿ ಸ್ಯಾನ್ ಡಿಯಾಗೋದ ಪಾಡ್ರೆಸ್ ಪ್ಲೇಆಫ್ ಮೇಲೆ ಕಣ್ಣಿಟ್ಟಿದ್ದ ತಂಡ. ಇನ್ನೂ ಬ್ಯಾಟಿಂಗ್ ಕಲಿಯುತ್ತಿರುವವನಿಗೆ ದಿನಾ ಅವಕಾಶ ಕೊಡಲು ಅವರಿಗೆ ಎಲ್ಲಿ ಸಾಧ್ಯ? ಮಾಟೆಯೊ ಬೆಂಚಿನ ಮೇಲೇ ಜಾಸ್ತಿ ಕೂತ. ಅವನನ್ನು ಕೆಳಗೆ ಕಳಿಸುವ ಅವಕಾಶವೂ ಮುಗಿದಿತ್ತು. ಆಗಸ್ಟ್‌ನಲ್ಲಿ ಬಿಟ್ಟರು, ಓರಿಯೋಲ್ಸ್ ಎತ್ತಿಕೊಂಡಿತು.

ಆ ವರ್ಷ ಓರಿಯೋಲ್ಸ್ 110 ಪಂದ್ಯ ಸೋತಿತು. ಅಂಥ ತಂಡದ ಹತ್ತಿರ ಗೆಲ್ಲುವ ತಂಡಗಳ ಹತ್ತಿರ ಇಲ್ಲದ ಒಂದು ಆಸ್ತಿ ಇರುತ್ತದೆ: ಕೊಡಲು ಬೇಕಾದಷ್ಟು ಆಟ. ಇವತ್ತು ನಾಲ್ಕು ಸಲ ಸ್ಟ್ರೈಕ್‌ಔಟ್ ಆದರೂ ಪರವಾಗಿಲ್ಲ, ನಾಳೆ ಮತ್ತೆ ನಿಲ್ಲು ಅನ್ನಬಹುದು. 2022ರಲ್ಲಿ ಮಾಟೆಯೊ ಬ್ಯಾಟಿಂಗ್ ಸರಾಸರಿ .221 ಅಷ್ಟೇ, ಅಂದರೆ ನೂರು ಸಲಕ್ಕೆ ಸುಮಾರು 22 ಹಿಟ್. ಆದರೆ 35 ಬೇಸ್ ಕದ್ದು ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲೇ ಮೊದಲಿಗನಾದ. ಅದೇ ವರ್ಷ ಮೂರನೇ ಬೇಸ್‌ನಲ್ಲಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಗೆದ್ದ ರಾಮೋನ್ ಉರಿಯಾಸ್ ಕೂಡ 2020ರಲ್ಲಿ ಕಾರ್ಡಿನಲ್ಸ್‌ನಿಂದ ವೇವರ್ಸ್‌ನಲ್ಲೇ ಬಂದವನು. 1.40 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬೌಲರ್ ಸರಾಸರಿ ಬಿಟ್ಟುಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) ತೋರಿಸಿದ ಎಡಗೈ ಬೌಲರ್ ಸಿಯೊನೆಲ್ ಪೆರೆಸ್ ಕೂಡ ಅಷ್ಟೇ, ರೆಡ್ಸ್ ಬಿಟ್ಟವನು. ತಂಡ 83 ಪಂದ್ಯ ಗೆದ್ದಿತು. ಆ ಬೇಸಿಗೆಯ ಖುಷಿ ನನಗೆ ಇನ್ನೂ ಹೋಗಿಲ್ಲ.

ಹಾಗಂತ ಸಿಕ್ಕವರನ್ನೆಲ್ಲ ಎತ್ತಿಕೊಂಡರೆ ಆಗುವುದಿಲ್ಲ. ವಯಸ್ಸು ಮುಖ್ಯ. ಲೀಗ್‌ನಲ್ಲಿ ಹೆಚ್ಚು ದಿನ ಆಡಿರದ 25, 26ರ ಹುಡುಗ ಗೆದ್ದರೆ, ಫ್ರೀ ಏಜೆಂಟ್ ಆಗುವ, ಅಂದರೆ ಬೇಕಾದ ತಂಡಕ್ಕೆ ಹೋಗಲು ಸ್ವತಂತ್ರನಾಗುವ ಮೊದಲು ವರ್ಷಗಟ್ಟಲೆ ನಿಮ್ಮಲ್ಲೇ ಇರುತ್ತಾನೆ. 33ರವನು ಚೆನ್ನಾಗಿ ಆಡಿದರೂ ತಂಡ ಗೆಲ್ಲುವ ಹೊತ್ತಿಗೆ ಅವನ ಕಾಲ ಮುಗಿದಿರುತ್ತದೆ. ಜೊತೆಗೆ, ಅವನಲ್ಲಿ ಏನೋ ಒಂದು ಎದ್ದು ಕಾಣಬೇಕು, ಅದನ್ನು ಹೇಗೆ ಬಳಸುತ್ತೇವೆ ಅನ್ನುವ ಯೋಚನೆ ಎತ್ತಿಕೊಳ್ಳುವ ಮೊದಲೇ ಇರಬೇಕು.

ಇದಕ್ಕೆ ಹ್ಯೂಸ್ಟನ್ ಆಸ್ಟ್ರೋಸ್‌ಗಿಂತ ಒಳ್ಳೆಯ ಪಾಠ ಇಲ್ಲ. 2013ರಲ್ಲಿ ಅವರು 111 ಪಂದ್ಯ ಸೋತರು. ಆ ಡಿಸೆಂಬರ್‌ನಲ್ಲಿ ಕಾಲಿನ್ ಮೆಕ್‌ಹ್ಯೂ ಎಂಬ ಬೌಲರ್‌ನನ್ನು ರಾಕೀಸ್‌ನಿಂದ ಎತ್ತಿಕೊಂಡರು. ಬೇಸ್‌ಬಾಲ್‌ನಲ್ಲಿ ಗೆಲುವನ್ನು ಬೌಲರ್ ಹೆಸರಿಗೂ ಬರೆಯುತ್ತಾರೆ; ಮೇಜರ್ ಲೀಗ್‌ನಲ್ಲಿ ಅವನ ಹೆಸರಿಗೆ ಆಗ ಒಂದು ಗೆಲುವೂ ಇರಲಿಲ್ಲ. ಆಸ್ಟ್ರೋಸ್ ನೋಡಿದ್ದು ಅವನ ಕರ್ವ್‌ಬಾಲ್ (ಬಾಗಿ ಬೀಳುವ ಎಸೆತ) ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದನ್ನು. ಸಿಂಕರ್ (ಕೊನೆಗೆ ಕೆಳಗಿಳಿಯುವ ವೇಗದ ಎಸೆತ) ಕಡಿಮೆ ಮಾಡು, ಕರ್ವ್ ಹೆಚ್ಚು ಹಾಕು ಅಂದರು. 2014ರಲ್ಲಿ ಅವನ ಇಆರ್‌ಎ 2.73. 2015ರಲ್ಲಿ 19 ಗೆಲುವು.

ಅದೇ ತಂಡ 2014ರ ಮಾರ್ಚ್‌ನಲ್ಲಿ ಜೆ.ಡಿ. ಮಾರ್ಟಿನೆಸ್‌ನನ್ನು ಬಿಟ್ಟುಬಿಟ್ಟಿತು. ಚಳಿಗಾಲದಲ್ಲಿ ಅವನು ಬ್ಯಾಟ್ ಬೀಸುವ ರೀತಿಯನ್ನೇ ಬದಲಿಸಿಕೊಂಡು ಬಂದಿದ್ದ. ಅದನ್ನು ತೋರಿಸಲು ಅವನಿಗೆ ಸಾಕಷ್ಟು ಅವಕಾಶ ಸಿಗಲಿಲ್ಲ. ಆ ವರ್ಷ ಡೆಟ್ರಾಯ್ಟ್ ಪರ .315 ಸರಾಸರಿ, 23 ಹೋಮ್ ರನ್. ಹೊಸಬನನ್ನು ಹುಡುಕುವವರು ಕೈಯಲ್ಲಿರುವವನನ್ನೂ ಅದೇ ಕಣ್ಣಿನಿಂದ ನೋಡಬೇಕು ಅಲ್ವಾ? ಎತ್ತಿಕೊಂಡು ಸುಮ್ನೆ ಕೂರಿಸುವುದು ಇನ್ನೂ ಅನ್ಯಾಯ. ಆಡಿಸುವ ಮನಸ್ಸಿಲ್ಲದಿದ್ದರೆ ಆ ಹುಡುಗನನ್ನು ಮುಂದಿನ ತಂಡಕ್ಕೆ ಬಿಡುವುದೇ ಮೇಲು.

"ದುಡ್ಡು?" ಅಂತಲೂ ಕೇಳುತ್ತಾರೆ. ದೊಡ್ಡ ಮಾತಲ್ಲ. ಇಂಥ ಹುಡುಗರ ಸಂಬಳ ಹೆಚ್ಚಾಗಿ ಲೀಗ್‌ನ ಕನಿಷ್ಠ ಮಟ್ಟದಲ್ಲೇ ಇರುತ್ತದೆ. 2022ರಲ್ಲಿ ಅದು 7 ಲಕ್ಷ ಡಾಲರ್. ಮೇಜರ್ ಲೀಗ್ ಲೆಕ್ಕದಲ್ಲಿ ಚಿಲ್ಲರೆ. ನಿಜವಾದ ಬೆಲೆ 40ರ ಪಟ್ಟಿಯಲ್ಲಿ ಒಂದು ಜಾಗ. ಸೋಲುವ ತಂಡಕ್ಕೆ ಅದೂ ಅಗ್ಗ, ಯಾಕೆಂದರೆ ತೆಗೆದುಹಾಕುವವನಿಂದ ಅವರಿಗೆ ಹೆಚ್ಚು ನಷ್ಟವಿಲ್ಲ.

ಈ ಅನುಕೂಲ ಹೆಚ್ಚು ಕಾಲ ಉಳಿಯುವುದಿಲ್ಲ. 2023ರಲ್ಲಿ ಓರಿಯೋಲ್ಸ್ 101 ಪಂದ್ಯ ಗೆದ್ದಿತು. ಅಷ್ಟು ಗೆದ್ದ ತಂಡದ ಸರದಿ ಬರುವ ಹೊತ್ತಿಗೆ ಒಳ್ಳೆಯ ಹುಡುಗನನ್ನು ಬೇರೆ ಯಾವುದೋ ಸೋತ ತಂಡ ಎತ್ತಿಕೊಂಡಾಗಿರುತ್ತದೆ.